ಬಳೆ ಅಂಗಡಿಯ ಟೇಬಲ್ಲು

ಉರುಳಿತು, ಹಸಿರು ಗಾಜಿನ ಬಳೆ, ಹಲಗೆಯ ಮೇಲೆ ನೆಟ್ಟಗೆ ನಿಂತು ಹೋಗಲೋ ಬೇಡವೋ ಅಂತ ಒಂದು ಗಳಿಗೆ ಯೋಚಿಸಿದ ಹಾಗೆ ಮಾಡಿ ಆಮೇಲೆ ಉರುಳಿತು, ಅವಸರವಿಲ್ಲದೆ, ಸೀದಾ ದಸ್ತಗೀರನ ಕಡೆಗೆ, ಅಂಚು ದಾಟಿ ಬೀಳುವ ಮುಂಚೆ ಅಂಗೈ ಒಡ್ಡಿ ಹಿಡಿದವನೂ ಅವನೇ — ಈಗ ಅದು ಅಂಗಿಯ ಜೇಬಿನಲ್ಲಿ ಅಳತೆ ಟೇಪಿನ ಪಕ್ಕದಲ್ಲಿದೆ, ಬಗ್ಗಿದರೆ ಕಿಣಿ ಅನ್ನುತ್ತದೆ, ಬಗ್ಗದೆ ಗರಗಸ ಎಳೆಯುವುದು ಹೇಗೆ, ಟೇಬಲ್ಲನ್ನು ಬೋರಲು ಹಾಕಿದ್ದಾಗಿದೆ, ನಾಲ್ಕು ಕಾಲೂ ಸೂರಿನ ಕಡೆ ಚಾಚಿಕೊಂಡಿವೆ, ಒಂದೊಂದರ ತುದಿಯಲ್ಲೂ ನಾಲ್ಕು ಬೆರಳು ಅಳೆದು ಗೆರೆ ಎಳೆದದ್ದಾಗಿದೆ, ಗೆರೆ ಎಳೆದ ಕೈ ಗರಗಸ ಹಿಡಿದ ಮೇಲೆ ಅದರ ಹಲ್ಲನ್ನೇ ಮತ್ತೆ ಮತ್ತೆ ಒರೆಸುತ್ತಿದೆ, ಇಷ್ಟು ವರ್ಷ ಮರ ಕೊಯ್ದ ಕೈ, ಶಿರಾ ಪೇಟೆಯ ಅರ್ಧಕ್ಕರ್ಧ ಬಾಗಿಲುಗಳಿಗೆ ಚೌಕಟ್ಟು ಹಾಕಿದ ಕೈ. ಬೆನ್ನ ಹಿಂದೆ ಮಂಚ, ಮಂಚದ ಮೇಲೆ ಹೆಂಡತಿ ಸಾಬೀರಾ, ಕಣ್ಣು ಮುಚ್ಚಿದ್ದಾಳೆ, ನಿದ್ದೆಯೋ ನಿದ್ದೆಯ ನಾಟಕವೋ, ಉಸಿರು ಮಾತ್ರ ಕೇಳುತ್ತದೆ, ಮಾವಿನ ಹಲಗೆಗೆ ಹತ್ತರಿ ಹಾಕಿದ ಹಾಗೆ ತಡೆದು ತಡೆದು ಬರುತ್ತದೆ. ಕಾಲು ಗಿಡ್ಡ ಮಾಡಿ ಅಂದವಳು ಅವಳೇ. ಬಳೆ ಉರುಳಿಸಿದವಳೂ ಅವಳೇ.

ಟೇಬಲ್ಲು ಬಳೆ ಅಂಗಡಿಯವರಿಗೆ ಅಂತ ಅವಳಿಗೆ ಹೇಳಿದವನು ತಾನೇ ಅಲ್ಲವೇ, ಬುಕ್ಕಾಪಟ್ಟಣದ ಸಂತೆಯಲ್ಲಿ ಬಳೆ ಹರಡಿಕೊಂಡು ಕೂರುವವರು, ಮಡಚಿ ಆಟೋದಲ್ಲಿ ಹಾಕಿಕೊಂಡು ಹೋಗುವಂಥ ಟೇಬಲ್ಲು ಬೇಕಂತೆ, ಗಟ್ಟಿ ಇರಬೇಕಂತೆ — ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವವರಿದ್ದಾರೆ, ದಸ್ತಗೀರನಿಗೆ ಆ ವಿದ್ಯೆ ಬಾರದು, ಸುಳ್ಳು ಹೇಳುವಾಗ ಅವನ ಕೈ ಕಿವಿಯ ಮೇಲಿನ ಪೆನ್ಸಿಲ್ಲು ಹುಡುಕುತ್ತದೆ, ಅವತ್ತೂ ಹುಡುಕಿತು, ಅವಳು ನೋಡಿದಳು, ಬಳೆಯೋರಿಗೆ ಆರಡಿ ಉದ್ದ ಯಾಕೆ ಅಂದಳು, ದೊಡ್ಡ ವ್ಯಾಪಾರ ಕಣೇ ಅಂದ, ಹೂಂ ಅಂದಳು. ನಿಜ ಹೇಳುವುದು ಹೇಗೆ, ಮಸೀದಿ ಕಮಿಟಿಯ ಮುಜಾಮಿಲ್ ಬಂದು ಅಂಗಳದಲ್ಲಿ ದನಿ ತಗ್ಗಿಸಿ ಕೇಳಿದ್ದನ್ನು ಹೇಗೆ ಹೇಳುವುದು, ಸತ್ತವರಿಗೆ ಗುಸ್ಲ್ ಮಾಡಿಸುವ ತಖ್ತಾ, ಆ ದೊಡ್ಡ ಹಲಗೆ, ಹಳೆಯದಾಯಿತು, ಮಣ್ಣಿಗೆ ಕೊಡುವ ಮುಂಚಿನ ಸ್ನಾನ ನೆಮ್ಮದಿಯಾಗಿ ಆಗಬೇಡವೇ, ಅದನ್ನು ಹೊರಲು ನಾಲ್ಕು ಜನ ಬೇಕು, ಕೋಟೆ ಹಿಂದಿನ ಗಲ್ಲಿಗಳಲ್ಲಿ ತಿರುಗುವುದಿಲ್ಲ, ಮೊನ್ನೆ ಒಂದು ಮನೆಯಲ್ಲಿ ಬಾಗಿಲನ್ನೇ ಕಳಚಿ ಇಟ್ಟಿಗೆಯ ಮೇಲಿಟ್ಟು ಮುದುಕಿಯನ್ನು ತೊಳೆದರಂತೆ, ಮಡಚುವಂಥದ್ದು ಒಂದು ಮಾಡಿಕೊಡಿ ಚಾಚಾ, ಇಬ್ಬರು ಹಿಡಿದುಕೊಂಡು ಹೋಗುವ ಹಾಗೆ. ಆಗಲ್ಲ ಅನ್ನಬಹುದಿತ್ತು, ಅಂದರೆ ಯಾಕೆ ಅನ್ನುತ್ತಿದ್ದ, ಯಾಕೆ ಅನ್ನುವುದಕ್ಕೆ ಉತ್ತರ ಒಳಗೆ ಮಂಚದ ಮೇಲಿತ್ತು. ತುಮಕೂರಿನ ಡಾಕ್ಟರು ಅವನನ್ನೂ ಮಗಳು ಸುಮಯ್ಯಳನ್ನೂ ಬಾಗಿಲಾಚೆಗೆ ಕರೆದು, ಇನ್ನು ಮನೆಗೆ ಕರಕೊಂಡು ಹೋಗಿ, ಬಾಯಿಗೆ ರುಚಿಯಾದದ್ದು ಮಾಡಿಕೊಡಿ ಅಂದಿದ್ದರು, ಅಪ್ಪ ಮಗಳು ಸೇರಿ ಅವಳಿಗೆ ಹೇಳಿದ್ದು ಗ್ಯಾಸ್ಟ್ರಿಕ್ಕು, ಮೊಹಲ್ಲಾದ ಸತ್ತ ಹೆಂಗಸರನ್ನೆಲ್ಲ ತನ್ನ ಕೈಯಾರೆ ಮೀಯಿಸಿ ಕಳಿಸಿದವಳಿಗೆ ಗ್ಯಾಸ್ಟ್ರಿಕ್ಕು ಅಂತ ಹೇಳಿದರು, ನಂಬಿದಳು, ನಂಬಿದ ಹಾಗೆ ಇದ್ದಳು, ಅವನಿಗೆ ಅಷ್ಟೇ ಸಾಕಾಗಿತ್ತು.

ಸಾಬೀರಾ ಅಂದರೆ ಆ ಕೆಲಸ, ಬಡವನಹಳ್ಳಿಯಿಂದ ಮದುವೆಯಾಗಿ ಬಂದಾಗ ಹಲ್ಲಿಗೆ ಹೆದರುತ್ತಿದ್ದ ಹುಡುಗಿ, ಅವನ ಅಮ್ಮ ತೀರಿಕೊಂಡಾಗ ತೊಳೆಯಲು ಯಾರೂ ಸಿಗದೆ ಇವಳೇ ಸೆರಗು ಸಿಕ್ಕಿಸಿ ನಿಂತಳು, ಅಲ್ಲಿಂದ ಶುರು, ಯಾರ ಮನೆಯಲ್ಲಿ ಅಳು ಕೇಳಿದರೂ ಆಮೇಲೆ ಇವರ ಬಾಗಿಲು ಬಡಿಯುತ್ತಿತ್ತು, ಅಡುಗೆ ಅರ್ಧಕ್ಕೆ ಬಿಟ್ಟು ಹೋಗುವಳು, ಬಂದಮೇಲೆ ತಾನೂ ಸ್ನಾನ ಮಾಡಿ ಬೆನ್ನು ಹಿಡಿದುಕೊಂಡು ಕೂರುವಳು, ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು ಸುಮಯ್ಯಾನ ಅಬ್ಬಾ, ನಿಂತ್ಕಂಡು ತೊಳೆಯೋ ಅಂಥದ್ದು ಒಂದು ಮಾಡ್ಬಾರ್ದಾ, ಊರಿಗೆಲ್ಲಾ ಟೇಬಲ್ ಮಾಡ್ತೀರ. ಕೈಗೆ ಎಣ್ಣೆ ತಿಕ್ಕುತ್ತಾ ಏನೇನೋ ಹೇಳುವಳು, ಸತ್ತವರಿಗೂ ನೀರು ಬೆಚ್ಚಗಿರಬೇಕು ಕಣ್ರೀ, ತಣ್ಣೀರು ಹಾಕಿದ್ರೆ ಮೈ ಮುದುಡಿದಂಗೆ ಕಾಣ್ತದೆ, ಬಳೆ ಮಾತ್ರ ಕಷ್ಟ, ಕೈ ಸೆಟೆದಿರ್ತದೆ, ಸೋಪು ಹಚ್ಚಿ ಮೆಲ್ಲಗೆ ಎಳೀಬೇಕು, ಒಡೆದು ತೆಗೆಯೋರೂ ಅವ್ರೆ, ನಾನು ಒಡೆಯಲ್ಲ. ಅವಳು ಹಾಗೆ ಹೇಳುವಾಗ ಅವನು ರೊಟ್ಟಿ ಮುರಿಯುತ್ತಾ, ಊಟದ ಹೊತ್ತಿಗೆ ಇದೆಂಥ ಮಾತು ಅನ್ನುತ್ತಿದ್ದ.

ಮೊದಲು ಒಂದನ್ನೊಂದು ದಾಟುವ ಕತ್ತರಿ ಕಾಲು ಮಾಡಿದ, ತುಂಬಿದ ಬಿಂದಿಗೆ ಇಟ್ಟು ಮಗ್ಗುಲಿಂದ ತಳ್ಳಿದರೆ ಕುಡಿದವನ ಹಾಗೆ ತೂರಾಡಿತು, ಬಿಚ್ಚಿ ಎಸೆದ, ಆಮೇಲೆ ನೇರ ಕಾಲಿಗೆ ಕಬ್ಬಿಣದ ಕೊಕ್ಕೆ ಹಾಕಿದ, ಕೊಕ್ಕೆ ಚೆನ್ನಾಗಿಯೇ ಕಚ್ಚಿತು, ಆದರೆ ಹಾಕುವುದನ್ನು ಮರೆತರೆ — ಸಾವಿನ ಮನೆಯಲ್ಲಿ ಯಾರಿಗೆ ಏನು ನೆನಪಿರುತ್ತದೆ, ಕಾಲು ಬಿಡಿಸಿದ ಕೂಡಲೇ ತಾನಾಗಿ ಬಿಗಿಯಬೇಕು, ಭಾರ ಬಿದ್ದಷ್ಟೂ ಬಿಗಿಯಬೇಕು, ಬೇಕು ಅಂದಾಗ ಮಾತ್ರ ಮಡಚಬೇಕು, ಹೇಗೆ, ಅಂತ ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿ ಬರೆಯುತ್ತಿದ್ದರೆ ಮಂಚದಿಂದ ಅವಳು, ಮೊಣಕಾಲು ನೋಡ್ರಿ ಅಂದಳು. ಏನು ಮೊಣಕಾಲು. ನಿಂತೂ ನಿಂತೂ ಸುಸ್ತಾದಾಗ ನಾನು ಮೊಣಕಾಲನ್ನ ಒಂಚೂರು ಹಿಂದಕ್ಕೆ ತಳ್ಕಂಡು ನಿಂತ್ಕಂತಿದ್ದೆ, ಅಂಗೆ ನಿಂತ್ರೆ ಅದೇ ಹಿಡ್ಕಂತದೆ, ಬೀಳಾಕೆ ಬುಡಾಕಿಲ್ಲ, ಅನ್ನುತ್ತಾ ಹೊದಿಕೆ ಸರಿಸಿ ಕಾಲು ಚಾಚಿ ಮಡಚಿ ತೋರಿಸಿದಳು, ಆ ಕಾಲು, ಚರ್ಮ ಸುತ್ತಿದ ಕೋಲು, ಅದರ ನಡುವೆ ಮೊಣಕಾಲು ಒಂದೇ ದಪ್ಪಗೆ, ಅವನು ಕಾಲನ್ನು ನೋಡದೆ ಕೀಲನ್ನು ಮಾತ್ರ ನೋಡಲು ಹೆಣಗಿದ, ಕೀಲು ನೇರಕ್ಕಿಂತ ಕೂದಲೆಳೆಯಷ್ಟು ಆಚೆ ಹೋದರೆ ಸಾಕು, ಹೌದಲ್ಲವೇ, ಇಷ್ಟು ಸುಲಭ. ಪಾವಗಡದ ಕಡೆಯ ಓಬಳರಾಜು, ಬಸ್‌ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟವನು, ಎರಡೆರಡು ಕಬ್ಬಿಣದ ಪಟ್ಟಿ ಕಡಿದು ನಡುವೆ ರಿವೆಟ್ಟು ಹೊಡೆದು ಹಾಗೇ ನಾಲ್ಕು ಮೊಣಕಾಲು ಮಾಡಿಕೊಟ್ಟ, ತಾನೇ ಬಂದು ಕೂರಿಸಿದ, ಟೇಬಲ್ಲಿನ ಮೇಲೆ ಹತ್ತಿ ಕುಣಿದ, ಏನುಗು ಎಕ್ಕಿನಾ ಕದಲದು ಸಾಬ್ರೇ, ಆನೆ ಹತ್ತಿದ್ರೂ ಅಲುಗಾಡಾಕಿಲ್ಲ ಅಂದ, ಸಾಬೀರಾ ನಕ್ಕಳು, ದಸ್ತಗೀರನೂ ನಕ್ಕ, ಆಮೇಲೆ ಮುಖ ತಿರುಗಿಸಿ ರಿವೆಟ್ಟು ಎಣಿಸತೊಡಗಿದ, ಯಾಕೆಂದರೆ ಬೆಳಿಗ್ಗೆ ತಾನೇ ಸುಮಯ್ಯ ಹಾಸಿಗೆ ಬದಲಿಸುವಾಗ ಅವನು ಸಾಬೀರಾಳನ್ನು ಎತ್ತಿ ಹಿಡಿದಿದ್ದ, ಒಂದು ಕಿಟಕಿ ರೆಕ್ಕೆಯಷ್ಟೂ ಭಾರವಿರಲಿಲ್ಲ, ಆನೆ ತಡೆಯುವ ಟೇಬಲ್ಲು ಯಾರಿಗೆ ಬೇಕು.

ಯಾರಿಗೋ ಬೇಕು ಅಂದುಕೊಳ್ಳುತ್ತಿದ್ದ, ಮೊಹಲ್ಲಾ ದೊಡ್ಡದು, ಎಷ್ಟೋ ಜನರಿದ್ದಾರೆ, ಅಲ್ಲಾಹ್ ಎಲ್ಲರಿಗೂ ಆಯುಸ್ಸು ಕೊಡಲಿ, ಆದರೆ ಹಲಗೆಗೆ ಹತ್ತರಿ ಹಿಡಿದಾಗ ಕೈಗೆ ಆ ಎಷ್ಟೋ ಜನ ನೆನಪಾಗಲಿಲ್ಲ. ಬೇವಿನ ಹಲಗೆ, ಹುಳ ಹಿಡಿಯುವುದಿಲ್ಲ, ಮರಳು ಕಾಗದ ಉಜ್ಜಿದ, ಮತ್ತೆ ಉಜ್ಜಿದ, ಕೆನ್ನೆ ಇಟ್ಟು ನೋಡಿದ, ಒಂದು ಎಳೆ ಸಿಬಿರು ತಾಕಿತು, ಮತ್ತೆ ಉಜ್ಜಿದ, ಅವಳ ಬೆನ್ನಿನ ಚರ್ಮ ಈಗ ಹಾಸಿಗೆಯ ಸುಕ್ಕಿಗೂ ಕೆಂಪಾಗುತ್ತದೆ. ಅವಳೇ ಹೇಳಿದ್ದಳಲ್ಲ ಯಾವಾಗಲೋ, ಪಕ್ಕದ ಗಲ್ಲಿಯಲ್ಲಿ ಒಬ್ಬ ಗಂಡಸು ತನ್ನ ಹೆಂಡತಿಯ ಗುಸ್ಲ್ ಆಗುವಾಗ ಪರದೆ ಹಿಡಿದುಕೊಂಡು ಒಂದೇ ಸಮ ಅತ್ತನಂತೆ, ನಾನೇ ತೊಳೆಯುತ್ತೇನೆ ಅಂದನಂತೆ, ಹಿರಿಯರು ಬಿಡಲಿಲ್ಲ, ಉಸಿರು ಹೋದ ಮೇಲೆ ನಿಕಾಹ್ ಮುಗಿಯಿತು ಅಂತಾರೆ ಇಲ್ಲಿ, ಗಂಡ ಮುಖ ನೋಡಬಹುದು, ಮುಟ್ಟುವ ಹಾಗಿಲ್ಲ, ಪಾಪ ಅನ್ನಿಸ್ತು ಕಣ್ರೀ ಅಂದಿದ್ದಳು. ಮುಟ್ಟುವ ಹಾಗಿಲ್ಲ, ಇಷ್ಟು ವರ್ಷ ಒಂದೇ ಚಾಪೆ, ಪರದೆಯ ಈಚೆ ಅವನು, ಆಚೆ ಅವಳು, ಅವಳ ಕೆಳಗೆ ಈ ಹಲಗೆ, ಹಲಗೆಯಾದರೂ ಮುಟ್ಟುತ್ತದಲ್ಲ, ಅವನು ಉಜ್ಜಿದ ಹಲಗೆ — ಅದಕ್ಕೇ ಅಷ್ಟು ಉಜ್ಜಿದ್ದು, ಬೇರೆ ಯಾವ ಕಾರಣವೂ ಇಲ್ಲ, ಮುಜಾಮಿಲ್ ಬೇಕಾದರೆ ಬಂದು ಕೇಳಲಿ. ನೀರು ನಿಲ್ಲಬಾರದು ಅಂತ ಕಾಲಿನ ಕಡೆಗೆ ಒಂದು ಬೆರಳು ಇಳಿಜಾರು ಕೊಟ್ಟ, ಕಣ್ಣಿಗೆ ಕಾಣದಷ್ಟು. ಎತ್ತರಕ್ಕೆ ಟೇಪು ಹಿಡಿಯಲಿಲ್ಲ, ತೊಳೆಯುವವಳ ಸೊಂಟದ ಮಟ್ಟಕ್ಕೆ ಬರಬೇಕು, ಅವಳ ಸೊಂಟ ಅವನ ಅಂಗಿಯ ಕೊನೆಯ ಗುಂಡಿಯ ಹತ್ತಿರ ಬರುತ್ತದೆ, ಅದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು, ಗುಂಡಿಯ ಹತ್ತಿರ ಗುರುತು ಮಾಡಿದ, ಕಾಲು ಕೊಯ್ದ, ಕೂರಿಸಿದ, ಇನ್ನು ಇವಳ ಬೆನ್ನು ನೋಯುವುದಿಲ್ಲ ಅಂತ ಖುಷಿಪಟ್ಟ, ನಿಜವಾಗಿ ಖುಷಿಪಟ್ಟ, ಬುದ್ಧಿಗೆ ಏನು ಮಂಕು ಕವಿದಿತ್ತೋ.

ಇವತ್ತು ಮಧ್ಯಾಹ್ನದ ಜೊಹರ್ ನಮಾಜು ಮುಗಿಸಿ ಬಂದು ಟೇಬಲ್ಲನ್ನು ಬಿಡಿಸಿ ನಿಲ್ಲಿಸಿದ, ನಾಲ್ಕು ಮೊಣಕಾಲೂ ಟಕ್ ಟಕ್ ಅಂತ ಕೂತವು, ಸುಮಯ್ಯ ಹಾಲು ತರಲು ಹೋಗಿದ್ದಳು, ಮನೆಯಲ್ಲಿ ಇಬ್ಬರೇ. ಹತ್ರ ತನ್ನಿ ನೋಡಾನ ಅಂದಳು, ಮಂಚಕ್ಕೆ ತಾಗಿಸಿದ, ತಲೆಯ ಕಡೆ ಅವಳಿಗೆ, ಕಾಲಿನ ಕಡೆ ತನಗೆ, ಅಂಗೈಯಿಂದ ಹಲಗೆ ಸವರಿದಳು, ರೇಷ್ಮೆ ಮಾಡ್ಬುಟ್ಟಿದ್ದೀರಲ್ಲ ಬಳೆಯೋರಿಗೆ ಅಂದಳು, ಕೈ ಕೆಳಗೆ ಬಿಟ್ಟಳು, ಬಳೆ ತಾನಾಗಿ ಜಾರಿ ಬೆರಳಿಗೆ ಬಂತು, ಅದನ್ನು ತೆಗೆದು ಹಲಗೆಯ ಮೇಲೆ ನಿಲ್ಲಿಸಿ ಬಿಟ್ಟಳು, ಉರುಳಿತು, ಅವನು ಹಿಡಿದ. ಬಳೆ ಅಂಗಡಿ ಟೇಬಲ್ಲಿಗೆ ಇಳಿಜಾರು ಯಾಕ್ರೀ, ಬಳೆಯೆಲ್ಲ ಉರುಳಿ ಹೋಗಲ್ವಾ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಅವನ ಕೈ ಪೆನ್ಸಿಲ್ಲಿಗೆ ಹೋಯಿತು, ಕಾಲು ಒಂಚೂರು ಏರುಪೇರಾಗಿದೆ ಕಣೇ ಸರಿ ಮಾಡ್ತೀನಿ ಅಂದ, ದಸ್ತಗೀರನ ಟೇಬಲ್ಲಿನ ಕಾಲು ಏರುಪೇರು, ಅದನ್ನು ಕೇಳಿ ಅವಳು ಕೆಮ್ಮು ಬರುವಷ್ಟು ನಕ್ಕಳು, ನೀರು ಕುಡಿಸಿದ, ತುಟಿ ಒರೆಸಿದ. ನಂಗೆ ಗೊತ್ತು ಬುಡಿ, ಅಂದಳು. ಆಸ್ಪತ್ರೆಯಿಂದ ಬಂದ ದಿನಾನೇ ಗೊತ್ತು, ನೀವಿಬ್ರೂ ಹೆದರ್ಕಂಡಿದ್ರಿ ಅಂತ ಸುಮ್ಕಿದ್ದೆ. ಇಳಿಜಾರು ಸರಿಯಾಗಿದೆ, ಅದನ್ನ ಮುಟ್ಬೇಡಿ, ಎತ್ತರ ಮಾತ್ರ ತಪ್ಪು ಮಾಡ್ಬುಟ್ಟಿದ್ದೀರ. ಯಾಕೆ, ನಿನ್ನ ಸೊಂಟದ ಮಟ್ಟಕ್ಕೇ ಇಟ್ಟೀನಲ್ಲ, ಅಂದುಬಿಟ್ಟ, ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು, ಅವಳು ಅವನ ಮೊಣಕೈ ಹಿಡಿದುಕೊಂಡಳು, ಹಿಡಿತವೇ ಇಲ್ಲದ ಹಿಡಿತ. ನಾನು ಅದರ ಪಕ್ಕ ನಿಂತಿರಾಕಿಲ್ಲ ಸುಮಯ್ಯಾನ ಅಬ್ಬಾ, ಮೇಲೆ ಮಲಗಿರ್ತೀನಿ. ತೊಳೆಯೋಳು ಸುಮಯ್ಯ. ನಮ್ಮತ್ತೆಯಂಗೆ ಗಿಡ್ಡ ಹುಡುಗಿ ಅದು. ಮೈ ಒರೆಸೋವಾಗ್ಲೇ ಅದರ ಕೈ ನಡುಗ್ತದೆ, ಟೇಬಲ್ಲು ಎತ್ತರ ಆದ್ರೆ ಇನ್ನೂ ಹೆದರ್ಕಂತದೆ, ನಾಲ್ಕು ಬೆರಳು ಕಡಿಮೆ ಮಾಡಿ. ಆಮೇಲೆ ಬರಿಗೈ ಎತ್ತಿ ತಿರುಗಿಸಿ ನೋಡಿಕೊಂಡಳು, ಬಳೆ ಸೋಪಿಲ್ದೇನೇ ಬಂತು ನೋಡಿ, ಪಾಪ ಸುಮಯ್ಯಂಗೊಂದು ಕಷ್ಟ ತಪ್ತು, ಅಂದು ಕಣ್ಣು ಮುಚ್ಚಿದಳು.

ಕೊಯ್ಯಬೇಕು, ಸುಮಯ್ಯ ಬರುವುದರೊಳಗೆ ಮುಗಿಸಬೇಕು, ಅವಳು ಬಂದು ಯಾಕೆ ಅಬ್ಬಾ ಗಿಡ್ಡ ಮಾಡ್ತಿದ್ದೀರಾ ಅಂದರೆ ಏನು ಹೇಳುವುದು, ಇನ್ನೊಂದು ಬಳೆ ಅಂಗಡಿ ಎಲ್ಲಿಂದ ತರುವುದು. ಗರಗಸ ಗೆರೆಯ ಮೇಲೆ ಕೂತಿತು, ಒಂದು ಎಳೆತ, ಹೊಟ್ಟು ಉದುರಿತು, ಬೇವಿನ ಕಹಿ ಗಂಟಲಿಗೆ ಬಂತು, ಒಂದು ತುಂಡು ಬಿತ್ತು, ಎರಡನೆಯದೂ ಬಿತ್ತು, ನಾಲ್ಕು ಬೆರಳು, ಸಾಬೀರಾಗೂ ಸುಮಯ್ಯಗೂ ನಡುವೆ ಇರುವುದು ಇಷ್ಟೇ, ಮಗು ಗಿಡ್ಡ ಅಂತ ಎಷ್ಟು ಆಡಿಕೊಂಡಿದ್ದರು ಇಬ್ಬರೂ, ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೀಟು ಹಾಕಿ, ನಿಮ್ಮಮ್ಮನ್ನ ಮುಟ್ಟಾಕೆ ಇನ್ನೂ ಬೆಳೀಬೇಕು ಕಣಮ್ಮ ಅಂತಿದ್ದ, ಈಗ ಅಮ್ಮನೇ ಇಳಿದು ಬರುತ್ತಿದ್ದಾಳೆ — ಮೂರನೆಯದು, ಬಗ್ಗಿದಾಗ ಜೇಬಿನಲ್ಲಿ ಕಿಣಿ, ಬಳೆಯನ್ನು ಅವಳ ಕೈಗೆ ಮತ್ತೆ ಹಾಕಬೇಕು, ಹಾಕಿದರೆ ನಿಲ್ಲುವುದಿಲ್ಲ, ದಾರ ಸುತ್ತಿ ಹಾಕಲೇ, ನಾಲ್ಕನೆಯ ಕಾಲು, ಗರಗಸ ಅರ್ಧಕ್ಕೆ ಬಂದು ನಿಂತಿತು, ಎಳೆದರೂ ಬರುತ್ತಿಲ್ಲ, ತಳ್ಳಿದರೂ ಹೋಗುತ್ತಿಲ್ಲ, ಬೆನ್ನ ಹಿಂದೆ ಉಸಿರು ತಡೆದು ಬಂತು, ಇದೆ, ಇನ್ನೂ ಇದೆ, ಮುಟ್ಟಬಹುದು, ಎದ್ದು ಹೋಗಿ ಮುಟ್ಟಬಹುದು, ಈಗ, ಇವತ್ತು — ಕಣ್ಣ ಮುಂದೆ ನಾಳೆಯೋ ನಾಡಿದ್ದೋ ಕಟ್ಟುವ ಪರದೆ, ಪರದೆಯ ಈಚೆ ಅವನು, ಆಚೆ ನೀರಿನ ಸದ್ದು, ಹಲಗೆಯ ಮೇಲೆ ಬಳೆ, ಹಸಿರು, ನೆಟ್ಟಗೆ ನಿಂತು ಒಂದು ಗಳಿಗೆ ಯೋಚಿಸಿ ಉರುಳುತ್ತದೆ, ಅವಸರವಿಲ್ಲದೆ, ಅಂಚಿನ ಕಡೆಗೆ, ಅಂಚಿನಲ್ಲಿ ಅವನ ಕೈ ಇಲ್ಲ, ಉರುಳುತ್ತದೆ, ಅಂಚಿನಲ್ಲಿ ಅವನ ಕೈ ಇಲ್ಲ