ಮಾಕ್ ನಂದೀಶ್ವರಯ್ಯ

ಮಧುಗಿರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ ನಂದೀಶ್ವರಯ್ಯನವರ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಅವರನ್ನು ಕೇಳದೆ ಫ್ಯಾನ್ ಕೂಡ ಹಾಕುವಂತಿಲ್ಲ. ಅಂಥದ್ದರಲ್ಲಿ, ರಾಯಚರ್ಲಿನ ಕುಡಿಯುವ ನೀರಿನ ಟ್ಯಾಂಕ್ ಖಾಲಿಯಾದಾಗ ಮೋಟಾರು ತಾನಾಗಿ ಶುರುವಾಗುವ ಪ್ರೋಗ್ರಾಮಿನಲ್ಲಿ ಅವರು ಇಲ್ಲದಿದ್ದರೆ ಹೇಗೆ? ಪ್ರತಿ ಸಲವೂ ಅವರ ಫೋನಿಗೆ ಅನುಮತಿ ಕೇಳಬೇಕು, ಅವರು ಒಪ್ಪಿದ ಮೇಲೆಯೇ ಮೋಟಾರು ತಿರುಗಬೇಕು ಎಂದು ಅಪ್ಪಣೆಯಾಯಿತು.

ಪ್ರೋಗ್ರಾಂ ಬರೆಯುತ್ತಿದ್ದವಳು ಶ್ರೀಲತಾ. ಅವಳ ಊರೂ ರಾಯಚರ್ಲೇ. ತಾಯಿ ಚಿಕ್ಕಹನುಮಕ್ಕ ಹಿಡಿಯುವುದು ಇದೇ ಟ್ಯಾಂಕಿನ ನೀರು. ಹಾಗಾಗಿ ಇದು ಅವಳಿಗೆ ಬರೀ ಸಂಬಳದ ಕೆಲಸವಾಗಿರಲಿಲ್ಲ.

ಆಫೀಸಿನಲ್ಲಿ ಟ್ಯಾಂಕೂ ಇಲ್ಲ, ಮೋಟಾರೂ ಇಲ್ಲ. ಪರೀಕ್ಷೆಗಾಗಿ ಅವುಗಳಂತೆಯೇ ಉತ್ತರ ಕೊಡುವ ಮಾಕ್‌ಗಳನ್ನು, ಅಂದರೆ ನಾಲ್ಕಾರು ಸಾಲಿನ ನಕಲಿಗಳನ್ನು ಬರೆದಳು. ಅನುಮತಿ ಕೊಡಲು ಒಬ್ಬ ಮಾಕ್ ನಂದೀಶ್ವರಯ್ಯನೂ ಬೇಕಾದ. ಕೇಳಿದ ಕೂಡಲೇ ಅವನು ‘ಆಗಲಿ’ ಎನ್ನುತ್ತಿದ್ದ. ಅಸಲಿಗಿಂತ ಎಷ್ಟೋ ವಾಸಿ. ಪರೀಕ್ಷೆಗಳೆಲ್ಲ ಪಾಸಾದವು.

ಆಮೇಲೆ ಅವನನ್ನು ಸುಮ್ಮನಿರಿಸಿ ನೋಡಿದಳು. ಮೋಟಾರು ಚೆನ್ನಾಗಿದೆ, ಕರೆಂಟಿದೆ, ನೀರು ಮಾತ್ರ ಇಲ್ಲ. ಪರೀಕ್ಷೆ ಫೇಲ್.

“ಸಾರ್, ನೀವು ಉತ್ತರ ಕೊಡದಿದ್ರೆ ಊರಿಗೆ ನೀರೇ ಬರಲ್ಲ. ಡಿಸೈನೇ ತಪ್ಪು. ಅನುಮತಿ ಕೇಳೋದು ತೆಗೆದ್ಬುಡಾಣ” ಎಂದಳು.

“ಡಿಸೈನ್ ಸರಿಯಾಗೈತೆ ಕಣಮ್ಮ” ಎಂದರು ನಂದೀಶ್ವರಯ್ಯ. “ಆ ಮಾಕ್‌ಗೇ ಶಿಸ್ತಿಲ್ಲ. ಕೇಳಿದ ತಕ್ಷಣ ಹೂಂ ಅನ್ನಂಗೆ ಮಾಡು.”

ಮಾಕ್ ಶಿಸ್ತು ಕಲಿತ. ಪ್ರೋಗ್ರಾಂ ರಾಯಚರ್ಲಿಗೆ ಹೋಯಿತು. ಮಾರನೆಯ ದಿನವೇ ಅಸಲಿ ನಂದೀಶ್ವರಯ್ಯ ಸಿರಾದಲ್ಲೊಂದು ಮದುವೆಗೆ ಹೋಗಿ, ಫೋನನ್ನು ಕಾರಿನಲ್ಲೇ ಬಿಟ್ಟರು.

ಇತ್ತ ಶ್ರೀಲತಾಗೆ ತಾಯಿಯ ಫೋನು. “ಬೆಳಗ್ಗಿಂದ ಕೊಡ ಇಕ್ಕೊಂಡು ಕುಂತಿದೀನಿ ಕಣಮ್ಮ. ನಿನ್ ಕಂಪ್ಯೂಟರ್ ಯಾರ್ನ ಕೇಳ್ಕೊಂಡು ಕುಂತೈತೆ?”

ಶ್ರೀಲತಾಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಯಾರನ್ನೂ ಕೇಳದೆ ಅನುಮತಿಯ ಭಾಗವನ್ನೇ ಕಿತ್ತುಹಾಕಿದಳು. ಟ್ಯಾಂಕ್ ಮೋಟಾರಿಗೆ ಹೇಳುತ್ತದೆ, ಮೋಟಾರು ತಿರುಗುತ್ತದೆ, ಅಷ್ಟೆ. ಪ್ರೋಗ್ರಾಂ ಅರ್ಧಕ್ಕಿಳಿಯಿತು, ಪರೀಕ್ಷೆಗೆ ಮಾಕ್ ನಂದೀಶ್ವರಯ್ಯನ ಅಗತ್ಯವೂ ಬೀಳಲಿಲ್ಲ. ಆದರೆ ಕೆಲಸ ಹೋದೀತೆಂಬ ಭಯವೂ ಇತ್ತಲ್ಲ, ಮೋಟಾರು ಶುರುವಾದ ಮೇಲೆ ಯಜಮಾನರಿಗೆ ಹೋಗುವಂತೆ ಒಂದು ಮೆಸೇಜು ಸೇರಿಸಿದಳು: ‘ತಮ್ಮ ಅಪ್ಪಣೆಯಂತೆ ನೀರು ಬಿಡಲಾಗಿದೆ.’

ಊರಿಗೆ ನೀರು ಬಂತು.

ಮರುದಿನ ಬೆಳಿಗ್ಗೆ ಯಜಮಾನರಿಂದ ಕರೆ. ಶ್ರೀಲತಾ ಒಳಗೆ ಹೋದಳು. ಅವರು ಫೋನನ್ನು ಅವಳತ್ತ ತಿರುಗಿಸಿ ಆ ಮೆಸೇಜು ತೋರಿಸಿದರು.

“ನೋಡ್ದಾ? ಮದ್ವೆ ಊಟಕ್ಕೆ ಕುಂತಿದ್ದಾಗ್ಲೇ ಒಂದೂರಿಗೆ ನೀರು ಬುಟ್ಟೆ. ನಾನಿಲ್ದಿದ್ರೆ ನಿಮ್ಮೂರ್ ಗತಿ ಏನಮ್ಮ?”