ಎಡಮೂಲೆಯ ಹೊಲಿಗೆ

ಅತ್ತೆಗೆ ಒಂದು ಕಾಯಿಲೆಯಿತ್ತು. ಡಾಕ್ಟರು ಔಷಧಿ ಬರೆದು ಕೊಡುವಂಥದ್ದಲ್ಲ. ಯಾರ ಬಟ್ಟೆಯಲ್ಲಾದರೂ ಸರಿ, ಒಂದು ಹೊಲಿಗೆ ಸಡಿಲವಾದದ್ದು ಕಣ್ಣಿಗೆ ಬಿದ್ದರೆ ಸಾಕು, ಕೈ ತುರಿಸಲು ಶುರುವಾಗುತ್ತಿತ್ತು. ಮನೆಯ ಮುಂಭಾಗದ ಕೋಣೆಯೇ ಅವರ ಹೊಲಿಗೆ ಅಂಗಡಿ. ಆ ಬಾಗಿಲು ದಾಟಿ ಬಂದವರು ಯಾರೂ ಬಂದ ಹಾಗೇ ಹಿಂದಿರುಗಿದ್ದಿಲ್ಲ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನ ಜೇಬು ಹರಿದಿತ್ತೆಂದು ಶರ್ಟು ಬಿಚ್ಚಿಸಿಕೊಂಡರು. ಪಾಪ, ಅವನು ಬನಿಯನ್ನಿನಲ್ಲಿ ಬೀದಿಗೆ ಬೆನ್ನು ಮಾಡಿ ನಿಂತಿದ್ದ. ಕಾಸು ಕೇಳುತ್ತಿರಲಿಲ್ಲ, ಒಪ್ಪಿಗೆಯನ್ನೂ ಕೇಳುತ್ತಿರಲಿಲ್ಲ.

ಸೊಸೆ ಪೊಲೀಸ್ ಕಾನ್‌ಸ್ಟೇಬಲ್. ಮನೆಯಲ್ಲಿ ಎಲ್ಲರೂ ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ಸಮವಸ್ತ್ರದ ಗುಂಡಿ ಕಿತ್ತು ಬಂದರೆ ಅವಳು ತಾನೇ ಹೊಲಿದುಕೊಳ್ಳುತ್ತಿದ್ದಳು. ಬೆಳಗಾಗುವುದರೊಳಗೆ ಅತ್ತೆ ಅದನ್ನು ಬಿಚ್ಚಿ ಮತ್ತೆ ಹೊಲಿದಿರುತ್ತಿದ್ದರು. ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮಿಕ್ಕಂತೆ ಅತ್ತೆಯ ಬಗ್ಗೆ ಎಳ್ಳಷ್ಟೂ ದೂರಿರಲಿಲ್ಲ. ಅವಳು ಡ್ಯೂಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ ತಟ್ಟೆಯಲ್ಲಿ ಊಟ ಬಿಸಿಯಾಗಿಯೇ ಇರುತ್ತಿತ್ತು. ಆದರೆ ಒಂದು ಗುಂಡಿಯ ಮಟ್ಟಿಗೂ ತನ್ನನ್ನು ನಂಬುವುದಿಲ್ಲವಲ್ಲ ಎಂಬುದೇ ಅವಳ ಸಂಕಟ.

ಅಂಥ ಮನೆಗೆ ಆ ಪೊಟ್ಟಣ ಬಂತು.

ಒಬ್ಬ ವ್ಯಾನ್ ಡ್ರೈವರನ ಸೀಟಿನ ಕೆಳಗೆ ಚೀಲವೊಂದು ಸಿಕ್ಕಿತ್ತು. ಚೀಲದಲ್ಲಿ ಕಂದು ಬಣ್ಣದ ಪುಡಿ. ಯಾರೋ ತಲುಪಿಸು ಎಂದು ಬಾಡಿಗೆ ಕೊಟ್ಟು ಇಟ್ಟು ಹೋದರು, ಒಳಗೇನಿದೆಯೋ ನನಗೆ ಗೊತ್ತಿಲ್ಲ ಎಂದು ಅವನು. ಸಿಕ್ಕಿಬಿದ್ದವರೆಲ್ಲ ಹಾಡುವುದು ಇದೇ ರಾಗ ಎಂದು ಇನ್‌ಸ್ಪೆಕ್ಟರ್. ಮಾದಕ ವಸ್ತುವಿನ ಕೇಸಿನಲ್ಲಿ ಜಾಮೀನು ಸುಲಭಕ್ಕೆ ಸಿಗುವುದಲ್ಲ, ಡ್ರೈವರ್ ಜೈಲಿನಲ್ಲೇ ಇದ್ದ. ಸಿಕ್ಕ ಪುಡಿಯ ತೂಕಕ್ಕೆ, ಅಪರಾಧ ಸಾಬೀತಾದರೆ ಕಡಿಮೆಯೆಂದರೂ ಹತ್ತು ವರ್ಷ. ಮ್ಯಾಜಿಸ್ಟ್ರೇಟರ ಮುಂದೆ ಸ್ಯಾಂಪಲ್ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಮೇಲೆ ನಾಲ್ಕು ಕಡೆ ಅರಗಿನ ಮುದ್ರೆ ಒತ್ತಿದ್ದರು. ಅದನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವ ಕೆಲಸ ಪೊಲೀಸಮ್ಮನ ಪಾಲಿಗೆ ಬಂತು.

"ಕಣ್ಣಲ್ಲಿ ಕಣ್ಣಿಟ್ಟು ತಗೊಂಡು ಹೋಗಮ್ಮ. ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದನ್ನ ವಕೀಲರು ಜರಡಿ ಹಿಡೀತಾರೆ. ಮಧ್ಯೆ ಬೇರೆ ಕೈ ಬಂತೋ, ಕೇಸು ಢಮಾರ್" ಎಂದಿದ್ದರು ಇನ್‌ಸ್ಪೆಕ್ಟರ್.

ಅವಳು ಹಾಗೇ ಹೊರಟಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಪ್ರಯೋಗಾಲಯ ತಲುಪುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ಫೋನ್ ಮಾಡಿದರೆ ಇನ್‌ಸ್ಪೆಕ್ಟರ್, "ಈಗ ಸ್ಟೇಷನ್ನಿಗೆ ವಾಪಸ್ ಯಾಕೆ ಬರ್ತೀಯ? ನಿನ್ನ ಮನೆ ಅಲ್ಲೇ ಪಕ್ಕದಲ್ಲಿ ತಾನೆ? ಇಟ್ಕೊಂಡಿದ್ದು ಬೆಳಿಗ್ಗೆ ಕೊಟ್ಟುಬಿಡು" ಎಂದರು. ವಾಪಸ್ ಒಯ್ದು ಸ್ಟೇಷನ್ನಿನ ಮಾಲುಖಾನೆಯಲ್ಲಿ ಬೀಗ ಹಾಕಿ ಇಡಬೇಕಾದದ್ದೇ ಕ್ರಮ. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಆದರೂ ಹೂಂ ಸರ್ ಎಂದಳು.

ರಾತ್ರಿಯೆಲ್ಲ ಪೊಟ್ಟಣ ಅವಳ ದಿಂಬಿನ ಕೆಳಗಿತ್ತು. ಗಂಡ ಒಮ್ಮೆ ಮಗ್ಗುಲು ಬದಲಿಸಿದ್ದಕ್ಕೂ ಬೈಸಿಕೊಂಡ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅದನ್ನು ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲಿಟ್ಟು, "ಅತ್ತೆ, ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದಳು. ಇಡೀ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿರಲಿಲ್ಲ.

ಅತ್ತೆ ಮಾತು ತಪ್ಪುವವರಲ್ಲ. ಪೇಪರ್ ಹಾಕುವವನನ್ನು ಬಾಗಿಲಲ್ಲೇ ತಡೆದರು. ಹೆತ್ತ ಮಗನನ್ನೂ ಆ ಮೇಜಿನ ಹತ್ತಿರ ಬಿಡಲಿಲ್ಲ. ಯಾರೂ ಮುಟ್ಟಬಾರದು ಎಂದರೆ ಬೇರೆಯವರು ಮುಟ್ಟಬಾರದು ಎಂದು ತಾನೆ ಅರ್ಥ?

ಸೊಸೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಾಗ ಅತ್ತೆ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದರು. ತೊಡೆಯ ಮೇಲೆ ಪೊಟ್ಟಣ.

"ಅತ್ತೆ! ಏನ್ ಮಾಡಿದ್ರಿ?"

"ಏನ್ ಮಾಡಿದೆ? ಅರಗು ಮುಟ್ಟಿಲ್ಲ ಕಣೇ, ಆಣೆ. ಎಡಮೂಲೆ ಬಾಯಿ ಬಿಟ್ಕೊಂಡಿತ್ತು, ಮುಚ್ಚಿದೆ. ಇದನ್ನ ಹೊಲಿದ ಮಹಾನುಭಾವ ಯಾರು? ಗೋಣಿಚೀಲ ಹೊಲಿಯೋರೂ ಇದಕ್ಕಿಂತ ನೆಟ್ಟಗೆ ಹೊಲೀತಾರೆ."

ಪೊಲೀಸಮ್ಮ ಪೊಟ್ಟಣವನ್ನು ಕಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕು ಮುದ್ರೆಗಳೂ ಇದ್ದಲ್ಲೇ ಇದ್ದವು. ಮೂರು ಬದಿಯಲ್ಲಿ ಸ್ಟೇಷನ್ನಿನವರ ಸೊಟ್ಟ ಹೊಲಿಗೆ. ಎಡಮೂಲೆಯಲ್ಲಿ ಮಾತ್ರ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಾದಂಥ ಹೊಲಿಗೆ. ತಕ್ಷಣ ಫೋನ್ ಮಾಡಿ ಇನ್‌ಸ್ಪೆಕ್ಟರಿಗೆ ಎಲ್ಲ ಹೇಳಿದಳು.

"ಮುದ್ರೆ ಒಡೆದಿದೆಯಾ?"

"ಇಲ್ಲ ಸರ್."

"ಮತ್ತೇನು ಬಡ್ಕೋತೀಯ? ಕೊಟ್ಟು ಬಾ. ಹೊಲಿಗೆ ವಿಷಯ ಬಾಯಿ ಬಿಡಬೇಡ. ಲ್ಯಾಬಿನವರು ಅರಗು ನೋಡ್ತಾರೆ, ದಾರ ನೋಡಲ್ಲ."

ಅವರ ಮಾತೇ ನಿಜವಾಯಿತು. ಕೌಂಟರಿನವನು ಮುದ್ರೆಗಳನ್ನು ಜೊತೆಗೆ ಕಳಿಸಿದ್ದ ಮಾದರಿ ಮುದ್ರೆಗೆ ಹೋಲಿಸಿ ನೋಡಿ, ಸರಿಯಾಗಿದೆ ಎಂದು ಬರೆದು ರಸೀದಿ ಕೊಟ್ಟ. ಕೆಲವು ವಾರಗಳ ಮೇಲೆ ವರದಿ ಬಂತು: ಪುಡಿ ಮಾದಕ ವಸ್ತುವೇ. ಇನ್‌ಸ್ಪೆಕ್ಟರ್ ಸ್ಟೇಷನ್ನಿಗೆಲ್ಲ ಟೀ ತರಿಸಿದರು. ಪೊಲೀಸಮ್ಮ ತನ್ನ ಲೋಟವನ್ನು ಪಕ್ಕದವನ ಕಡೆ ಸರಿಸಿದಳು.

ಸಾಕ್ಷಿ ಹೇಳಲು ಕೋರ್ಟಿನಿಂದ ಸಮನ್ಸ್ ಬಂದ ದಿನ ಮನೆಯಲ್ಲಿ ಸಭೆ ಸೇರಿತು. ಅವಳು ಹೇಳಬೇಕಾದದ್ದು ಒಂದೇ ವಾಕ್ಯ: ಪೊಟ್ಟಣ ಕೈಗೆ ಬಂದಾಗಿನಿಂದ ಪ್ರಯೋಗಾಲಯಕ್ಕೆ ಕೊಡುವವರೆಗೆ ನನ್ನ ವಶದಲ್ಲೇ ಇತ್ತು, ಯಾರೂ ಮುಟ್ಟಿಲ್ಲ.

"ಹೇಳಿ ಬಂದುಬಿಡು, ಅತ್ಲಾಗೆ" ಎಂದ ಗಂಡ. ತಾಯಿ ಮತ್ತು ಹೆಂಡತಿಯ ನಡುವೆ ಬದುಕಿ ಬದುಕಿ, ಎಲ್ಲದಕ್ಕೂ ಹತ್ತಿರದ ದಾರಿ ಹುಡುಕುವುದು ಅವನಿಗೆ ಅಭ್ಯಾಸವಾಗಿತ್ತು.

"ಸುಳ್ಳು ಅದು."

"ನಿಜ ಹೇಳಿದ್ರೆ?"

"ನನ್ನ ಕೆಲಸಕ್ಕೆ ಕುತ್ತು. ಕೇಸೂ ಬಿದ್ದುಹೋಗುತ್ತೆ."

ಅತ್ತೆಗೆ ಸಿಟ್ಟು ಬಂತು. "ನಾನೇನು ಕದ್ದೆನಾ? ಹರಿದದ್ದನ್ನ ಹೊಲಿದೆ."

"ಅದೇ ಅತ್ತೆ ತೊಂದರೆ. ಮೂಲೆ ತೆರೆದಿತ್ತು ಅಂದ್ರೆ, ನಿಮಗಿಂತ ಮೊದಲು ಯಾರು ಬೇಕಾದರೂ ಕೈ ಹಾಕಿರಬಹುದು. ಒಳಗಿದ್ದದ್ದನ್ನ ತೆಗೆದು ಬೇರೆ ಇಟ್ಟಿರಬಹುದು. ಇಟ್ಟಿದ್ದಾರೆ ಅಂತ ನಾನು ಹೇಳಲ್ಲ. ಇಟ್ಟಿಲ್ಲ ಅಂತ ಹೇಗೆ ಹೇಳಲಿ? ನಾನು ಬಾಯಿ ಮುಚ್ಕೊಂಡ್ರೆ, ಆ ತೂತಿನ ವಿಷಯ ಗೊತ್ತಾಗದೆ ಅವನಿಗೆ ಹತ್ತು ವರ್ಷ ಆಗುತ್ತೆ."

ಡ್ರೈವರ್ ತಪ್ಪು ಮಾಡಿದ್ದನೋ ಇಲ್ಲವೋ ಅವಳಿಗೆ ತಿಳಿಯದು. ಅದನ್ನು ತೀರ್ಮಾನಿಸುವುದು ಅವಳ ಕೆಲಸವೂ ಅಲ್ಲ. ಆದರೆ ಆ ಒಂದು ವಾಕ್ಯ ಅವಳ ಬಾಯಿಂದಲೇ ಬರಬೇಕಾಗಿತ್ತು. ಅತ್ತೆ ಅಂದು ಯಂತ್ರ ತುಳಿಯಲಿಲ್ಲ. ಮರುದಿನ ಬೆಳಿಗ್ಗೆ, "ನಾನೂ ಬರ್ತೀನಿ. ಹೊರಗೆ ಕೂತಿರ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ಕೋರ್ಟಿನ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು. ಅತ್ತೆಯ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದ ಒಬ್ಬ ಹೆಂಗಸು. ಅವಳ ಕೈಚೀಲದ ಹಿಡಿ ಒಂದು ಎಳೆಯ ಮೇಲೆ ತೂಗುತ್ತಿತ್ತು. ಇನ್ನೇನು ಹೇಳುವುದು? ಪೊಲೀಸಮ್ಮ ನೀರು ಕುಡಿದು ಬರುವುದರೊಳಗೆ ಚೀಲ ಅತ್ತೆಯ ತೊಡೆಯ ಮೇಲಿತ್ತು, ಸೂಜಿ ಓಡುತ್ತಿತ್ತು.

"ಯಾರನ್ನ ನೋಡೋಕೆ ಬಂದಿದ್ದಮ್ಮ?" ಎಂದು ಅತ್ತೆ ವಿಚಾರಿಸುತ್ತಿದ್ದರು.

"ನಮ್ಮ ಯಜಮಾನರನ್ನ. ವ್ಯಾನ್ ಓಡಿಸ್ತಿದ್ರು. ಒಳಗೆ ಕರ್ಕೊಂಡು ಹೋಗುವಾಗ ಒಂದು ಸಲ ಮುಖ ನೋಡೋಕೆ ಸಿಗುತ್ತೆ."

ಸೂಜಿ ಅರ್ಧದಲ್ಲೇ ನಿಂತಿತು. ಅತ್ತೆ ತಲೆಯೆತ್ತಿ ಸೊಸೆಯ ಮುಖ ನೋಡಿದರು. ಸೊಸೆ ಗೋಡೆ ನೋಡಿದಳು. ಅಷ್ಟರಲ್ಲಿ ಅವಳ ಕರೆ ಬಂತು.

ಕಟಕಟೆಯಲ್ಲಿ ನಿಂತಾಗ ಸರ್ಕಾರಿ ವಕೀಲರು ನಿರಾಳವಾಗಿಯೇ ಕೇಳಿದರು: "ಪೊಟ್ಟಣ ಪೂರ್ತಿ ಸಮಯ ನಿಮ್ಮ ವಶದಲ್ಲೇ ಇತ್ತು ಅಲ್ವಾ?"

ಹಿಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಕಣ್ಣು ಮಿಟುಕಿಸದೆ ಕೂತಿದ್ದರು.

"ಇತ್ತು ಸರ್. ಸ್ನಾನಕ್ಕೆ ಹೋದ ಹೊತ್ತು ಒಂದು ಬಿಟ್ಟು."

ಯಾರೋ ಕಿಸಕ್ಕೆಂದು ನಕ್ಕರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಸ್ನಾನಕ್ಕೆ ಹೋದಾಗ ಎಲ್ಲಿತ್ತು?"

"ನಮ್ಮ ಅತ್ತೆಯ ಕೈಯಲ್ಲಿ ಸ್ವಾಮಿ. ಅವರು ಅದರ ಎಡಮೂಲೆ ಹೊಲಿದ್ರು."

ಆಗ ನಗು ನಿಂತೇಹೋಯಿತು. ಪ್ರಯೋಗಾಲಯದಿಂದ ಹಿಂದಿರುಗಿದ್ದ ಬಟ್ಟೆಯನ್ನು ತರಿಸಿದರು. ಡ್ರೈವರನ ಪರ ವಕೀಲರು ಕನ್ನಡಕ ಹಣೆಗೇರಿಸಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಷ್ಟು ದಿನ ಇದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂಬಂತೆ ತಲೆ ಕೊಡವಿದರು. ನ್ಯಾಯಾಧೀಶರು ಕೇಳಿದರು: "ನಿಮ್ಮ ಅತ್ತೆ ಎಲ್ಲಿದ್ದಾರೆ?"

"ಹೊರಗೆ ಬೆಂಚಿನ ಮೇಲಿದ್ದಾರೆ ಸ್ವಾಮಿ. ಹೊಲೀತಿದ್ದಾರೆ."

ಅವರನ್ನೂ ಸಾಕ್ಷಿಯಾಗಿ ಕರೆಯಿರಿ ಎಂದು ಅಪ್ಪಣೆಯಾಯಿತು. ಅತ್ತೆ ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಳಗೆ ಬಂದರು. ಪ್ರಮಾಣ ಮಾಡಿದರು. ಕನ್ನಡಕದ ವಕೀಲರು ಮೆಲ್ಲಗೆ ಶುರುಮಾಡಿದರು.

"ಮೂಲೆ ಎಷ್ಟು ತೆರೆದಿತ್ತಮ್ಮ?"

"ನನ್ನ ಎರಡು ಬೆರಳು ಹೋಗುವಷ್ಟು."

"ಬೆರಳು ಹಾಕಿದ್ರಾ?"

"ಹಾಕದೆ ಹೊಲಿಯೋದು ಹೇಗೆ ಸ್ವಾಮಿ? ಒಳಗಿನ ಕವರು ಸೂಜಿಗೆ ಸಿಗಬಾರದಲ್ಲ. ಅದರ ಬಾಯಿಗೂ ಬರೀ ರಬ್ಬರ್ ಬ್ಯಾಂಡ್ ಸುತ್ತಿತ್ತು."

ಇನ್‌ಸ್ಪೆಕ್ಟರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಸರ್ಕಾರಿ ವಕೀಲರು ತಟ್ಟನೆ ಎದ್ದರು. "ಸೊಸೆಯನ್ನ ಉಳಿಸೋಕೆ ಈ ಕಥೆ ಕಟ್ತಿದ್ದೀರಿ!"

"ಉಳಿಸೋದಾ? ಇದನ್ನ ಹೇಳಿದ್ರೆ ಅವಳ ಕೆಲಸಕ್ಕೇ ಕುತ್ತಂತೆ ಸ್ವಾಮಿ. ಗೊತ್ತಿದ್ದೂ ಅವಳು ಹೇಳಿದ್ಲು. ಅವಳೇ ಹೇಳಿದ ಮೇಲೆ ನಾನು ಮುಚ್ಚಿಡೋಕೆ ಆಗುತ್ತಾ?" ಅತ್ತೆಯ ದನಿ ಸ್ವಲ್ಪ ಇಳಿಯಿತು. "ಮುಟ್ಟಬೇಡಿ ಅಂತ ಹೇಳಿಯೇ ಹೋಗಿದ್ಲು. ಮುಟ್ಟಿದ್ದು ನನ್ನ ತಪ್ಪು. ಅವಳ ಮಾತಿಗೆ ನಾನು ಬೆಲೆ ಕೊಡಲಿಲ್ಲ."

ಇಷ್ಟು ವರ್ಷಗಳಲ್ಲಿ ಅತ್ತೆ ತಪ್ಪು ಎಂಬ ಪದವನ್ನು ತಮ್ಮ ಹೆಸರಿನ ಜೊತೆ ಸೇರಿಸಿದ್ದನ್ನು ಸೊಸೆ ಕೇಳಿರಲಿಲ್ಲ. ಕೋರ್ಟಿನಲ್ಲಿ ಸಮವಸ್ತ್ರದಲ್ಲಿದ್ದವಳಿಗೆ ಕಣ್ಣು ತುಂಬಿಬಂತು.

ತೀರ್ಪಿನಲ್ಲಿ ನ್ಯಾಯಾಧೀಶರು ಸುತ್ತುಬಳಸಿ ಬರೆಯಲಿಲ್ಲ. ಪ್ರಯೋಗಾಲಯ ನೋಡಿದ ಪುಡಿ ಮಾದಕ ವಸ್ತುವೇ ಇರಬಹುದು. ಆದರೆ ವ್ಯಾನಿನಲ್ಲಿ ಸಿಕ್ಕ ಪುಡಿ ಅದೇ ಎಂದು ಯಾರೂ ಎದೆ ತಟ್ಟಿ ಹೇಳುವಂತಿಲ್ಲ. ಅನುಮಾನದ ಲಾಭ ಆರೋಪಿಗೆ. ಡ್ರೈವರ್ ಬಿಡುಗಡೆಯಾದ. ಅವನ ಹೆಂಡತಿ ಗಟ್ಟಿಯಾದ ಹಿಡಿಯ ಚೀಲವನ್ನು ಹೆಗಲಿಗೇರಿಸಿಕೊಂಡು, ಅವನ ತೋಳು ಹಿಡಿದು ಮೆಟ್ಟಿಲಿಳಿದಳು.

ಇನ್‌ಸ್ಪೆಕ್ಟರಿಗೆ ಮೇಲಿನಿಂದ ಚೆನ್ನಾಗಿ ಮಂಗಳಾರತಿಯಾಯಿತು. ಪೊಲೀಸಮ್ಮನಿಗೆ ಒಂದು ಎಚ್ಚರಿಕೆ ಪತ್ರ ಬಂತು; ಕೆಲಸ ಉಳಿಯಿತು. ತಿಂಗಳುಗಟ್ಟಲೆ ಇನ್‌ಸ್ಪೆಕ್ಟರ್ ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಒಂದು ದಿನ ಮಾತ್ರ ತಡೆಯಲಾರದೆ, "ಒಂದು ಹೊಲಿಗೆಗೆ ಇಡೀ ಕೇಸು ಬಿತ್ತಲ್ಲಮ್ಮ" ಎಂದರು.

"ಹೊಲಿಗೆ ಸರಿಯಾಗಿದ್ದಿದ್ರೆ ನಿಲ್ತಿತ್ತು ಸರ್."

ಅವರು ಗುರ್ರೆಂದರು. ಆದರೆ ಮುಂದಿನ ಕೇಸಿನ ಸ್ಯಾಂಪಲ್ ಕಳಿಸುವ ದಿನ ಬಂದಾಗ, ನಾಲ್ಕು ಜನ ಖಾಲಿ ಕೂತಿದ್ದರೂ ಅವಳನ್ನೇ ಕರೆದರು. "ನೀನೇ ಹೊಲಿ, ನೀನೇ ತಗೊಂಡು ಹೋಗು. ನಾಳೆ ಕೋರ್ಟಲ್ಲಿ ನೀನು ಸರಿಯಿತ್ತು ಅಂದ್ರೆ ಸರಿಯಿತ್ತು ಅಂತ ನಂಬ್ತಾರೆ" ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವರ ಕಿವಿಯ ಬಣ್ಣವೇ ಹೇಳುತ್ತಿತ್ತು.

ಪ್ರಯೋಗಾಲಯದ ದಾರಿ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಬೆಳಗಿನ ಹೊತ್ತು, ಬಾಗಿಲು ತೆರೆದಿತ್ತು. ಪೊಲೀಸಮ್ಮ ಒಳಗೆ ಕಾಲಿಡಲಿಲ್ಲ. ಪೊಟ್ಟಣವನ್ನು ಎದೆಗವಚಿಕೊಂಡು ಬೀದಿಯಲ್ಲೇ ಒಂದು ಕ್ಷಣ ನಿಂತಳು. ಯಂತ್ರದ ಮುಂದಿದ್ದ ಅತ್ತೆ ಕತ್ತು ಚಾಚಿದರು.

"ಎಡಮೂಲೆ?"

"ಮುಚ್ಚಿದ್ದೀನಿ ಅತ್ತೆ. ನಾಲ್ಕೂ ಮೂಲೆ. ಮ್ಯಾಜಿಸ್ಟ್ರೇಟರ ಮುಂದೆ, ನನ್ನ ಕೈಯಾರೆ."

ಹೊಲಿಗೆ ಬಿಗಿಯಾಗಿತ್ತು. ಆದರೆ ಸೊಟ್ಟ. ಅಷ್ಟು ದೂರದಿಂದಲೂ ಸೊಟ್ಟವೆಂದು ಕಾಣುವಷ್ಟು ಸೊಟ್ಟ. ಅತ್ತೆಯ ಬಲಗೈ ತಾನಾಗಿ ಸೂಜಿಯ ಕಡೆ ಹೊರಟಿತು. ಅವರು ಅದನ್ನು ಎಡಗೈಯಿಂದ ಹಿಡಿದು, ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು, ಅವುಗಳ ಮೇಲೆ ಭದ್ರವಾಗಿ ಕೂತರು.

"ನಿನ್ನದು ನೀನೇ ಹೊಲಿದಿದ್ದೀಯ. ಚೆನ್ನಾಗಿದೆ" ಎಂದರು. "ಹೋಗು ಹೋಗು, ಎದುರಿಗೆ ನಿಲ್ಲಬೇಡ. ಈ ಕೈ ನನ್ನ ಮಾತು ಕೇಳಲ್ಲ."

ಪೊಲೀಸಮ್ಮ ನಕ್ಕು ಪ್ರಯೋಗಾಲಯದ ಕಡೆ ಹೆಜ್ಜೆ ಹಾಕಿದಳು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅತ್ತೆ ಇನ್ನೂ ಕೈಗಳ ಮೇಲೆ ಕೂತೇ ಇದ್ದರು.