ಕಾಯಿ ಹಾಕದ ಸಾರು

ತೆಂಗಿನ ಸೀಮೆಗೆ ಬಂದು ತೆಂಗನ್ನೇ ಸೋಕಿಸಬೇಡಿ ಎನ್ನುವ ಅತಿಥಿಗೆ ಏನು ಬಡಿಸುವುದು? ಬೇರೆಯವರಾಗಿದ್ದರೆ ಕೈ ಮುಗಿದು ಹಿಂದೆ ಸರಿಯುತ್ತಿದ್ದರು. ನೊಣವಿನಕೆರೆ ಹತ್ತಿರದ ತೋಟದ ಮನೆಯ ಸುವರ್ಣಮ್ಮ ಹಾಗಲ್ಲ. ಐವತ್ತು ವರ್ಷ ಒಲೆಯ ಮುಂದೆ ಕಳೆದವಳು ತಾನು, ಅಡುಗೆಯ ವಿಷಯದಲ್ಲಿ ತನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ಅವಳೇ ಆಗಾಗ ಹೇಳಿಕೊಳ್ಳುವುದುಂಟು.

ಆ ಜನವರಿಯಲ್ಲಿ ತಿಪಟೂರಿನ ಹೊರಗಿನ ಮೈದಾನದಲ್ಲಿ ಗೈಡ್ಸ್ ಹುಡುಗಿಯರ ಅಂತರರಾಷ್ಟ್ರೀಯ ಶಿಬಿರ ಸೇರಿತ್ತು. ಏಳು ದೇಶದ ಹುಡುಗಿಯರು, ಸಾಲು ಡೇರೆಗಳು, ಒಂದೊಂದು ಡೇರೆಯ ಮುಂದೆ ಒಂದೊಂದು ಬಾವುಟ. ಸುವರ್ಣಮ್ಮನ ಮೊಮ್ಮಗಳು ಜೀವಿತಾ, ಹತ್ತನೇ ತರಗತಿಯವಳು, ಅಲ್ಲೇ ಇದ್ದಳು. ಐದನೇ ದಿನ ಹೊರದೇಶದ ಪ್ರತಿ ಹುಡುಗಿಯೂ ಇಲ್ಲಿಯ ಒಬ್ಬ ಗೈಡ್ ಹುಡುಗಿಯ ಮನೆಗೆ ಊಟಕ್ಕೆ ಹೋಗಬೇಕೆಂದು ಏರ್ಪಾಡಾಗಿತ್ತು. ಜೀವಿತಾಳ ಪಾಲಿಗೆ ಬಂದವಳು ನಾರ್ವೆ ದೇಶದ ಇಂಗ್ರಿಡ್. ಅವಳಿಗೆ ತೆಂಗು ಆಗದು. ಆಗದು ಎಂದರೆ ತುರಿಕೆ, ಗಂದೆಯ ಮಾತಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ.

ಶಿಬಿರ ನಡೆಸುತ್ತಿದ್ದ ಮೀನಾ ಟೀಚರ್ ಎರಡು ದಿನ ಮೊದಲೇ ಮನೆಗೆ ಬಂದು ಕೂತರು. "ಅಮ್ಮ, ಇವಳೊಬ್ಬಳನ್ನ ಶಿಬಿರದಲ್ಲೇ ಉಳಿಸ್ಕೊಳ್ಳೋಣ ಅಂತಿದ್ದೀನಿ. ನನಗೆ ಧೈರ್ಯ ಬರ್ತಿಲ್ಲ."

"ಎಲ್ಲಾ ಮಕ್ಳೂ ಮನೆಮನೇಲಿ ಉಣ್ಣೋವಾಗ ಅದೊಂದು ಮಗ ಡೇರೇಲಿ ಕೂತು ಬ್ರೆಡ್ಡು ಕಡೀಬೇಕಾ? ಕಳ್ಸಮ್ಮ ನೀನು," ಎಂದಳು ಸುವರ್ಣಮ್ಮ. "ಒಂದು ಎಳೆ ಕಾಯಿ ಸೋಕಿಸಾಕಿಲ್ಲ. ಇದು ನನ್ ಮಾತು."

ಮಾತು ಕೊಟ್ಟಂತೆಯೇ ನಡೆದುಕೊಂಡಳು. ಕಾಯಿ ತುರಿಯುವ ಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿಗೆಗೆ ಸಾಗಿಸಿದಳು. ಮಿಕ್ಸಿ ಜಾರನ್ನು ಮೂರು ಸಲ ಬಿಸಿನೀರಲ್ಲಿ ತೊಳೆದಳು. ಹೊಸ ಪಾತ್ರೆ ತರಿಸಿದಳು. ಹುರುಳಿಕಾಳಿನ ಸಾರಿಗೆ ಕಾಯಿಯ ಬದಲು ಹುರಿಗಡಲೆ ರುಬ್ಬಿ ಹಾಕಿದಳು, ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಮಗ ರೇಣುಕಪ್ರಸಾದ್ ಕೊಬ್ಬರಿ ಚೀಲ ಹೊರುವ ಅಂಗಿಯಲ್ಲೇ ಒಳಗೆ ಕಾಲಿಟ್ಟಾಗ ಬಾಗಿಲಲ್ಲೇ ತಡೆದು, ಸ್ನಾನ ಮಾಡಿ ಬಾ ಎಂದು ಅಟ್ಟಿದಳು. ಇಷ್ಟು ಎಚ್ಚರ ವಹಿಸಿದ್ದು ಸುಳ್ಳಲ್ಲ. ಅದಕ್ಕೇ ಒಂದು ಕಡೆ ಎಚ್ಚರ ತಪ್ಪಿದ್ದು ಅವಳಿಗೆ ಗೊತ್ತಾಗಲಿಲ್ಲ.

ಇಂಗ್ರಿಡ್ ಬಂದಳು. ಎತ್ತರದ ಹುಡುಗಿ, ಮೂಗಿನ ಮೇಲೆಲ್ಲ ಚುಕ್ಕೆ, ಸೊಂಟಕ್ಕೊಂದು ಪುಟ್ಟ ಚೀಲ. ಆ ಚೀಲದಲ್ಲಿ ಇಂಜೆಕ್ಷನ್ನಿನ ಪೆನ್ನು ಇದೆಯೆಂದೂ, ಉಸಿರು ಕಟ್ಟಿದರೆ ಅದನ್ನು ತೊಡೆಗೆ ಒತ್ತಬೇಕೆಂದೂ ಶಿಬಿರದ ಹುಡುಗಿಯರಿಗೆಲ್ಲ ಮೊದಲ ದಿನವೇ ಕಲಿಸಿದ್ದರು. ಇಂಗ್ರಿಡ್ ಚಾಪೆಯ ಮೇಲೆ ಕಾಲು ಮಡಿಸಿ ಕೂರಲು ಪಟ್ಟ ಪಾಡು ನೋಡಿ ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಜೀವಿತಾ ತೋರಿಸಿಕೊಟ್ಟಳು.

ನಾಲ್ಕನೇ ತುತ್ತಿಗೆ ಇಂಗ್ರಿಡ್ ಕೆಮ್ಮಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

"ಖಾರ ಹತ್ತಿರ್ಬೇಕು," ಎಂದು ರೇಣುಕಪ್ರಸಾದ್ ನಕ್ಕ. "ನಮ್ಮವ್ವನ ಹುರುಳಿ ಸಾರು ಅಂದ್ರೆ ಸುಮ್ನೆ ಆಯ್ತದಾ."

ಇಂಗ್ರಿಡ್ ತುಟಿ ಮುಟ್ಟಿಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಅಜ್ಜಿ, ತೆಂಗು ಇಲ್ಲ ತಾನೆ ಅಂತ ಕೇಳ್ತಾವ್ಳೆ," ಎಂದಳು ಜೀವಿತಾ.

"ಇಲ್ಲ ಕಣೇ, ಇಲ್ಲ ಅಂತ ಹೇಳು."

ಹೇಳಿ ಮುಗಿಸುವಷ್ಟರಲ್ಲಿ ಸುವರ್ಣಮ್ಮನ ಕಣ್ಣು ಒಲೆಯ ಪಕ್ಕದ ಡಬ್ಬಿಯ ಮೇಲೆ ಬಿತ್ತು. ಸಾರಿನ ಪುಡಿಯ ಡಬ್ಬಿ. ಕಳೆದ ಬೇಸಿಗೆಯಲ್ಲಿ ಮೆಣಸಿನಕಾಯಿ, ಧನಿಯ ಹುರಿದು ಮಿಲ್ಲಿಗೆ ಕಳಿಸಿದ್ದಳು. ಪುಡಿ ಘಮ್ಮೆನ್ನಲಿ ಎಂದು ಅದರ ಜೊತೆಗೆ ಆರು ಗಿಟುಕು ಕೊಬ್ಬರಿಯನ್ನು ಹೆಚ್ಚಿ, ಹುರಿದು, ಸೇರಿಸಿದ್ದಳು. ಅವಳ ಅತ್ತೆ ಮಾಡುತ್ತಿದ್ದದ್ದೂ ಹಾಗೆಯೇ. ಒಮ್ಮೆ ಡಬ್ಬಿಗೆ ಬಿದ್ದ ಮೇಲೆ ಅದು ಸಾರಿನ ಪುಡಿ, ಅಷ್ಟೆ. ಅದರೊಳಗೆ ಏನೇನಿದೆ ಎಂದು ಈ ಸೀಮೆಯಲ್ಲಿ ಯಾವ ಹೆಂಗಸೂ ಯೋಚಿಸುವುದಿಲ್ಲ.

ಅವಳಿಗೆ ಗೊತ್ತಾಯಿತು. ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಸುಳ್ಳಾಯಿತೆಂದು ಮಗನ ಮುಂದೆ, ಮೊಮ್ಮಗಳ ಮುಂದೆ, ನಾಳೆ ಆ ಟೀಚರಮ್ಮನ ಮುಂದೆ ಒಪ್ಪಿಕೊಳ್ಳುವುದಕ್ಕೆ ಅವಳ ನಾಲಿಗೆ ಹೊರಳಲಿಲ್ಲ. ಖಾರವೇ ಇರಬೇಕು ಎಂದುಕೊಂಡಳು. ಅಷ್ಟು ದೊಡ್ಡ ಪಾತ್ರೆಗೆ ಎರಡೇ ಚಮಚ ಪುಡಿ, ಅದರಲ್ಲಿ ಕೊಬ್ಬರಿ ಇನ್ನೆಷ್ಟು, ಏನೂ ಆಗಲಿಕ್ಕಿಲ್ಲ ಎಂದುಕೊಂಡಳು. ಜೀವಿತಾ ಮಜ್ಜಿಗೆ ತಂದಳು. ರೇಣುಕಪ್ರಸಾದ್ ಬೆಲ್ಲದ ಚೂರು ಕೊಟ್ಟ. ಮಜ್ಜಿಗೆ ಕುಡಿದು ಇಂಗ್ರಿಡ್ ನಗಲು ನೋಡಿದಳು, ಸುವರ್ಣಮ್ಮನಿಗೆ ಹೋದ ಜೀವ ಬಂದಂತಾಯಿತು. ಹಾಳಾದ ಆ ನಗುವನ್ನು ನಂಬಿ ಅವಳು ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆಮೇಲೆ ಇಂಗ್ರಿಡ್ ಮತ್ತೇನೋ ಹೇಳಹೋದಳು, ದನಿ ಬರಲಿಲ್ಲ. ಗೊರಗೊರ ಸದ್ದು ಬಂತು. ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಎದ್ದಿದ್ದವು. ಅವಳ ಬೆರಳು ಗಂಟಲಿಗೆ ಹೋಯಿತು.

"ಪುಡೀಲಿ ಕೊಬ್ರಿ ಐತೆ," ಎಂದಳು ಸುವರ್ಣಮ್ಮ. "ಜೀವಿ, ಸಾರಿನ ಪುಡೀಲಿ ಕೊಬ್ರಿ ಐತೆ ಕಣೇ. ಸೂಜಿ ತೆಗಿ."

ಜೀವಿತಾ ಒಂದು ಕ್ಷಣ ಅಜ್ಜಿಯ ಮುಖ ನೋಡಿದಳು, ಅಷ್ಟೆ. ಚೀಲದ ಜಿಪ್ ಎಳೆದು ಪೆನ್ನು ತೆಗೆದಳು. ರೇಣುಕಪ್ರಸಾದ್ ಹುಡುಗಿಯ ಕಾಲು ಅದುಮಿ ಹಿಡಿದ. ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿ ಜೀವಿತಾ ಗಟ್ಟಿಯಾಗಿ ಹತ್ತು ಎಣಿಸಿದಳು. ಎಣಿಕೆ ತಪ್ಪಲಿಲ್ಲ.

ಹೊರಗೆ ಓಮ್ನಿ ವ್ಯಾನಿನ ತುಂಬ ಮಾರುಕಟ್ಟೆಗೆ ಹೊರಟ ಕೊಬ್ಬರಿ ಚೀಲಗಳು. ರೇಣುಕಪ್ರಸಾದ್ ಒಂದೊಂದನ್ನೂ ಅಂಗಳಕ್ಕೆ ಎಸೆದ. ಒಂದರ ಬಾಯಿ ಬಿಚ್ಚಿ ಕೊಬ್ಬರಿ ಬೀದಿಯವರೆಗೂ ಉರುಳಿತು, ಯಾರೂ ತಿರುಗಿ ನೋಡಲಿಲ್ಲ. ಸುವರ್ಣಮ್ಮ ಪೆಟ್ಟಿಗೆಯಿಂದ ಒಗೆದ ಜಮಖಾನ ತಂದು ಸೀಟಿಗೆ ಹಾಸಿದಳು. ಹುಡುಗಿಯನ್ನು ಮಲಗಿಸಿಕೊಂಡು ಜೀವಿತಾ ಕೂತಳು. ತನ್ನ ಕೈಯಲ್ಲಿ ಇನ್ನೂ ಸಾರಿನ ವಾಸನೆ ಇದೆಯೆಂದು ಸುವರ್ಣಮ್ಮ ಆ ಮಗುವನ್ನು ಮುಟ್ಟಲಿಲ್ಲ. ಬಾಗಿಲ ಕಂಬಿ ಹಿಡಿದು ಕೂತು, ತಿಪಟೂರಿನ ಆಸ್ಪತ್ರೆ ಮುಟ್ಟುವವರೆಗೂ ಅವಳ ಎದೆ ಏರುವುದನ್ನೇ ನೋಡುತ್ತಿದ್ದಳು. ಏರಿದ್ದು ಇಳಿಯುತ್ತಿತ್ತು. ಇಳಿದದ್ದು ಮತ್ತೆ ಏರುವುದಕ್ಕೆ ತಡವಾಗುತ್ತಿತ್ತು. ಅಷ್ಟರಲ್ಲೆಲ್ಲ ಅವಳು ತನ್ನ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಮ್ಲಜನಕ ಹಾಕಿದರು. ಸಂಜೆ ಐದರ ಹೊತ್ತಿಗೆ ದದ್ದುಗಳು ಇಳಿದವು. ಡಾಕ್ಟರು ಹೊರಗೆ ಬಂದು, ಇನ್ನು ಭಯವಿಲ್ಲ, ಇನ್ನೊಂದು ಐದು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಸುವರ್ಣಮ್ಮ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಶಿಬಿರದಿಂದ ಓಡಿ ಬಂದಿದ್ದ ಮೀನಾ ಟೀಚರ ಫೋನಿನಲ್ಲಿ ನಾರ್ವೆಯಿಂದ ಇಂಗ್ರಿಡ್‌ಳ ತಾಯಿಯ ಮುಖ ಕಾಣಿಸಿತು. ಮಗಳನ್ನು ನೋಡಿ, ಮಾತಾಡಿಸಿ, ಅವಳು ಟೀಚರನ್ನು ಏನೋ ಕೇಳಿದಳು. ಟೀಚರ್ ಫೋನನ್ನು ಸುವರ್ಣಮ್ಮನ ಕಡೆಗೆ ತಿರುಗಿಸಿದರು.

"ಪುಡೀಲಿ ಕೊಬ್ಬರಿ ಇದೆ ಅಂತ ಹೊಳೆದು ಹೇಳಿದ್ದು ನೀವೇ ಅಂತ ಜೀವಿತಾ ಅಂದಳು. ನಾನು ಅವರಿಗೆ ತಿಳಿಸಿದೆ. ಮಗಳನ್ನ ಉಳಿಸಿಕೊಟ್ರಿ ಅಂತ ನಿಮಗೆ ಕೈ ಮುಗೀತಿದ್ದಾರೆ ನೋಡಿ ಅಮ್ಮ."

ಆ ಹೆಂಗಸು ನಿಜವಾಗಿಯೂ ಎರಡೂ ಕೈ ಜೋಡಿಸಿದ್ದಳು. ಕಣ್ಣು ಅತ್ತು ಊದಿತ್ತು.

ಸುವರ್ಣಮ್ಮ ಅದನ್ನು ನೋಡಿದಳು.

"ಹೊಳೆದಿದ್ದು ಅವಾಗಲ್ಲ ಮೇಡಮ್ಮ. ಆ ಹುಡ್ಗಿ ಮೊದ್ಲ ಸಲ ಕೆಮ್ಮಿದಾಗ್ಲೇ ನಂಗೊತ್ತಾಯ್ತು. ಮರ್ಯಾದೆ ಹೋಯ್ತದಲ್ಲ ಅಂತ ಬಾಯ್ ಮುಚ್ಕೊಂಡು ಕೂತಿದ್ದೆ. ಉಸ್ರು ನಿಲ್ಲೋ ಗಂಟ ಕೂತಿದ್ದೆ. ಹಂಗಂತ ಹೇಳು ಆ ತಾಯಿಗೆ."

ಟೀಚರ ಮುಖ ಬಿಳಿಚಿತು. "ಈಗ ಯಾಕಮ್ಮ ಅದೆಲ್ಲ. ಹುಡುಗಿ ಉಳಿದಳಲ್ಲ."

"ಹೇಳವ್ವ."

ಮೀನಾ ಟೀಚರ್ ಇಂಗ್ಲಿಷಿನಲ್ಲಿ ಹೇಳತೊಡಗಿದರು, ತಡೆದು ತಡೆದು. ಸುವರ್ಣಮ್ಮನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಟೀಚರ್ ಏನನ್ನೂ ಮುಚ್ಚಿಡಲಿಲ್ಲ ಎಂದು ಗೊತ್ತಾಯಿತು, ಏಕೆಂದರೆ ಪರದೆಯ ಮೇಲಿನ ತಾಯಿಯ ಜೋಡಿಸಿದ ಕೈಗಳು ನಿಧಾನವಾಗಿ ಬೇರೆಯಾಗಿ ಕೆಳಗಿಳಿದವು. ಜೀವಿತಾ ಅಜ್ಜಿಯ ಪಕ್ಕದಿಂದ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. ಸುವರ್ಣಮ್ಮ ಮುಖ ತಿರುಗಿಸದೆ, ಆ ತಾಯಿ ಏನಾದರೂ ಹೇಳಲಿ ಎಂದು ಕೂತೇ ಇದ್ದಳು.